ನಕಾಶೆಯಲ್ಲಿ ಉಳಿದ ಕಾಲುದಾರಿ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎನ್ನುತ್ತ ಹೊರಟುಹೋಗುತ್ತದೆ ಎಂಬ ಮಾತಿದೆ. ಭಾರತ ಹುಣ್ಣಿಮೆಯಿಂದ ಶಿವರಾತ್ರಿಯವರೆಗಿನ ಎರಡು ವಾರ ಬೆಳಗಾವಿ ಜಿಲ್ಲೆಯ ಉತ್ತರದ ತಾಲ್ಲೂಕುಗಳಲ್ಲಿ ನಡಿಗೆಗೆ ಹೇಳಿ ಮಾಡಿಸಿದ ಕಾಲ. ಬೆಳಿಗ್ಗೆ ಹೊದಿಕೆ ಬೇಕೆನಿಸುತ್ತದೆ, ಮಧ್ಯಾಹ್ನ ನೆರಳು ಬೇಕೆನಿಸುತ್ತದೆ. ನಿವೃತ್ತನಾದ ಮೇಲೆ ಪ್ರತಿವರ್ಷ ಆ ದಿನಗಳಲ್ಲಿ ನಾನು ಒಬ್ಬನೇ ನಡೆಯಲು ಹೊರಡುತ್ತೇನೆ. ಈಚಿನ ನಡಿಗೆಯಲ್ಲಿ ನಿಪ್ಪಾಣಿಯ ಬಳಿಯ ಸ್ತವನಿಧಿ ಬೆಟ್ಟದಿಂದ ಹೊರಟು ಚಿಕ್ಕೋಡಿ, ರಾಯಬಾಗ, ಕುಡಚಿ, ಉಗಾರ, ಅಥಣಿಗಳನ್ನು ದಾಟಿ ತೆಲಸಂಗದತ್ತ ಏಳು ದಿನ ನಡೆದೆ.

ಅಮೆರಿಕದಲ್ಲಿರುವ ನನ್ನ ಅಣ್ಣನ ಮಗನಿಗೂ ಇದೇ ಹುಚ್ಚು. ಮಾರ್ಚ್ ತಿಂಗಳಲ್ಲಿ ಅವನು ಯೂಟಾದ ಬೆಟ್ಟಗಳಲ್ಲಿ ಒಬ್ಬನೇ ಅಲೆಯುತ್ತಾನೆ. ಅಲ್ಲಿ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿನ ಅಡಿಗೆ ಅಗಲವಾದ ಚೌಕಟ್ಟನ್ನು ಕಟ್ಟಿಕೊಂಡು ನಡೆಯಬೇಕಂತೆ. ಕೆಲವು ತಾಸು ಕೆಳಗಿಳಿದರೆ ಮರುಭೂಮಿ. ‘ಕಾಕಾ, ನಿಮ್ಮ ಕಡೆ ಇಂಥಾದ್ದು ಇಲ್ಲ ಬಿಡ್ರಿ’ ಎಂದು ಫೋನಿನಲ್ಲಿ ನಕ್ಕ. ಹಿಮವಿಲ್ಲ, ನಿಜ. ಆದರೆ ಮಲೆಯಿಂದ ಬರಡಿಗೆ ಇಳಿಯುವ ದಾರಿ ನಮ್ಮಲ್ಲೂ ಇದೆ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಅಂಬೋಲಿಯಲ್ಲಿ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ. ಅಲ್ಲಿಂದ ನೂರೈವತ್ತು ಕಿಲೋಮೀಟರ್ ಒಳಗೇ ಇರುವ ಅಥಣಿಗೆ ಐದಾರು ನೂರು ದಾಟಿದರೆ ಪುಣ್ಯ. ಮೋಡಗಳು ತಮ್ಮ ಭಾರವನ್ನೆಲ್ಲ ಪಶ್ಚಿಮದಲ್ಲಿ ಇಳಿಸಿ ಬರಿಗೈಯಲ್ಲಿ ಇತ್ತ ಬರುತ್ತವೆ. ಈ ವ್ಯತ್ಯಾಸವನ್ನು ಪುಸ್ತಕದಲ್ಲಿ ಓದುವುದು ಬೇರೆ, ಕಾಲಿನಿಂದ ಅರಿಯುವುದು ಬೇರೆ. ಸ್ತವನಿಧಿಯ ಇಳಿಜಾರಿನಲ್ಲಿ ಮುತ್ತುಗ ಕೆಂಪಗೆ ಹೂಬಿಟ್ಟಿತ್ತು. ನಿಪ್ಪಾಣಿಯ ಗಾಳಿಯಲ್ಲಿ ತಂಬಾಕಿನ ಘಾಟು. ಚಿಕ್ಕೋಡಿ ದಾಟಿದ ಮೇಲೆ ಕಬ್ಬು, ಕಬ್ಬು, ಮತ್ತೆ ಕಬ್ಬು. ಅಥಣಿಯಾಚೆ ಬಿಳಿಜೋಳದ ಕೂಳೆ ಮತ್ತು ಬಾಯಿಬಿಟ್ಟ ಕರಿಮಣ್ಣು.

ಆ ಬಿರುಕುಬಿಟ್ಟ ನೆಲಕ್ಕೆ ನಮ್ಮವರು ಕಂಡುಕೊಂಡ ಪಾದರಕ್ಷೆಯೂ ಅಲ್ಲಿಯದೇ. ಕೊಲ್ಹಾಪುರಿ ಎಂದು ಲೋಕಪ್ರಸಿದ್ಧವಾದ ಚಪ್ಪಲಿಯನ್ನು ಅಥಣಿ, ನಿಪ್ಪಾಣಿ ಭಾಗದ ಚರ್ಮಕಾರ ಕುಟುಂಬಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಜಾಲಿಯ ತೊಗಟೆ ಮತ್ತು ಅಳಲೆಕಾಯಿಯಿಂದ ಹದಗೊಳಿಸಿದ ತೊಗಲು. ಮೊಳೆಯಿಲ್ಲ, ತೊಗಲಿನ ದಾರದಿಂದಲೇ ಹೊಲಿಗೆ. 2019ರಲ್ಲಿ ಭೌಗೋಳಿಕ ಸೂಚಕ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು. 2025ರಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನಲ್ಲಿ ಇಂಥದೇ ಚಪ್ಪಲಿಯನ್ನು ಪ್ರದರ್ಶಿಸಿ, ಆಕ್ಷೇಪ ಬಂದ ಮೇಲೆ ಅದರ ಮೂಲವನ್ನು ಒಪ್ಪಿಕೊಂಡಿತು. ನನ್ನ ಜೋಡು ಮೊದಲೆರಡು ದಿನ ಕಚ್ಚಿತು. ಎಣ್ಣೆ ಕುಡಿಸಿದ ಮೇಲೆ ತೆಪ್ಪಗಾಯಿತು.

ಮೂರನೆಯ ದಿನ ಸಿಕ್ಕ ತೊಡಕು ಮಾತ್ರ ಎಣ್ಣೆಗೆ ಬಗ್ಗುವಂಥದಲ್ಲ. ಹೆದ್ದಾರಿಯಲ್ಲಿ ನಡೆಯಬಾರದೆಂಬುದು ನನ್ನ ನಿಯಮ. ಆದ್ದರಿಂದ ಹೊರಡುವ ಮೊದಲೇ ದಾರಿಯ ಊರುಗಳ ಗ್ರಾಮ ನಕಾಶೆಗಳನ್ನು ಮುದ್ರಿಸಿಕೊಂಡಿದ್ದೆ. ತುಂಡು ಗೆರೆಗಳಲ್ಲಿ ಕಾಲುದಾರಿ, ಬಂಡಿದಾರಿಗಳನ್ನು ಅದರಲ್ಲಿ ಗುರುತಿಸಿರುತ್ತಾರೆ. ನಿಂತ ಜಾಗದ ಸರ್ವೆ ನಂಬರು ತಿಳಿಯಲು ಮೊಬೈಲಿನಲ್ಲಿ ಸರ್ಕಾರದ ದಿಶಾಂಕ್ ಆ್ಯಪ್ ಇತ್ತು. ಚಿಕ್ಕೋಡಿಯಿಂದ ರಾಯಬಾಗದ ಕಡೆಗೆ ನಾನು ಹಿಡಿದ ಬಂಡಿದಾರಿ ಒಂದು ಹರದಾರಿಯೂ ಸಾಗದೆ ಕಬ್ಬಿನ ಗೋಡೆಗೆ ಬಂದು ನಿಂತಿತು. ನಕಾಶೆಯ ಪ್ರಕಾರ ನಾನು ದಾರಿಯ ನಡುವೆಯೇ ಇದ್ದೆ. ನೀರು ಹಾಯಿಸುತ್ತಿದ್ದ ರೈತರೊಬ್ಬರು ಕಾಗದವನ್ನು ಕುತೂಹಲದಿಂದ ನೋಡಿ, ‘ದಾರಿ ಕಾಗದದಾಗ ಐತ್ರಿ ಸಾಹೇಬ್ರ, ಹೊಲದಾಗ ಕಬ್ಬ ಐತಿ’ ಎಂದರು. ಅವರ ಮಾತಿನಲ್ಲಿ ಕುಹಕವೇನೂ ಇರಲಿಲ್ಲ.

ದಾರಿ ಒಂದೇ ದಿನದಲ್ಲಿ ಮಾಯವಾಗುವುದಿಲ್ಲ. ಈ ಬದಿಯವರು ವರ್ಷಕ್ಕೊಂದು ಗೇಣು, ಆ ಬದಿಯವರು ಒಂದು ಗೇಣು ಉಳುತ್ತಾರೆ. ಎತ್ತಿನಗಾಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಕಾರ್ಖಾನೆಗೆ ಹೋಗುವ ರಸ್ತೆಗಳಿಗೆ ಡಾಂಬರು ಬಂತು, ಮಿಕ್ಕವನ್ನು ಕೇಳುವವರಿಲ್ಲವಾದರು. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದು ಹೊಸತಲ್ಲ: ಲಾಭ ಇಬ್ಬರದು, ಅದು ಕಣ್ಣಿಗೆ ಕಾಣುತ್ತದೆ, ನಷ್ಟ ಇನ್ನೂರು ಜನರದು, ಒಬ್ಬೊಬ್ಬರ ಪಾಲು ಸಣ್ಣದು, ಅದಕ್ಕಾಗಿ ಯಾರೂ ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಕಾನೂನು ಸ್ಪಷ್ಟವಾಗಿಯೇ ಇದೆ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 67ನೆಯ ಪ್ರಕರಣದಂತೆ ಸಾರ್ವಜನಿಕ ರಸ್ತೆ, ಓಣಿ, ಕಾಲುದಾರಿಗಳೆಲ್ಲ ಸರ್ಕಾರದ ಸ್ವತ್ತು. ಇಂಗ್ಲೆಂಡಿನಲ್ಲಿ 1949ರ ಕಾಯಿದೆಯೊಂದು ಕಾಲುದಾರಿಗಳ ಅಧಿಕೃತ ನಕಾಶೆಯನ್ನು ಸಿದ್ಧಪಡಿಸುವ ಹೊಣೆಯನ್ನು ಸ್ಥಳೀಯ ಆಡಳಿತಕ್ಕೆ ಹೊರಿಸಿತು. ನಮಗೆ ಆ ಶ್ರಮವೂ ಇಲ್ಲ, ನಕಾಶೆ ಸಿದ್ಧವಿದೆ.

ಹೀಗೆ ಬರೆಯುವ ನೈತಿಕ ಹಕ್ಕು ನನಗೆಷ್ಟಿದೆ ಎಂಬ ಪ್ರಶ್ನೆಯನ್ನು ಆ ಕಬ್ಬಿನ ಮುಂದೆ ನಿಂತು ನಾನೇ ಕೇಳಿಕೊಂಡೆ. ಸೇವೆಯಲ್ಲಿದ್ದಾಗ ಬೇರೊಂದು ಜಿಲ್ಲೆಯಲ್ಲಿ ಇಂಥದೇ ಅರ್ಜಿಯೊಂದು ನನ್ನ ಮೇಜಿಗೆ ಬಂದಿತ್ತು. ಕೂಲಿ ಹೆಣ್ಣುಮಕ್ಕಳು ಹೆಬ್ಬೆರಳು ಒತ್ತಿದ ಅರ್ಜಿ ಅದು. ಹೊಲಕ್ಕೆ ಹೋಗುವ ದಾರಿಯನ್ನು ಉತ್ತುಬಿಟ್ಟಿದ್ದಾರೆ ಎಂಬ ದೂರು. ಅಳತೆ ಮಾಡಿಸಿದರೆ ಜಗಳ ಹೆಚ್ಚೀತು, ಹೇಗೂ ಹತ್ತಿರದಲ್ಲೇ ಡಾಂಬರು ರಸ್ತೆ ಇದೆಯಲ್ಲ ಎಂದುಕೊಂಡು ‘ಪರ್ಯಾಯ ಮಾರ್ಗ ಲಭ್ಯವಿದೆ’ ಎಂದು ಷರಾ ಬರೆದು ಕಡತ ಮುಗಿಸಿದ್ದೆ. ಆ ದಿನ ಅಂಥ ಪರ್ಯಾಯ ಮಾರ್ಗದಲ್ಲೇ ನಾನು ನಡೆಯಬೇಕಾಯಿತು. ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳು ರಸ್ತೆಯ ಅಂಚಿನವರೆಗೂ ತೂಗಾಡುತ್ತ ಬರುತ್ತಿದ್ದವು. ಹಿಂದಿನ ದೀಪವಾಗಲಿ ಪ್ರತಿಫಲಕವಾಗಲಿ ಹಲವಕ್ಕೆ ಇರಲಿಲ್ಲ. ನನ್ನ ಮುಂದೆ ತಲೆಯ ಮೇಲೆ ಮೇವಿನ ಹೊರೆ ಹೊತ್ತ ನಾಲ್ವರು ಹೆಂಗಸರು, ಅವರ ಮುಂದೆ ಶಾಲೆಯಿಂದ ಮರಳುವ ಮಕ್ಕಳು. ಪ್ರತಿ ಟ್ರ್ಯಾಕ್ಟರಿಗೂ ಅವರು ಮುಳ್ಳಿನ ಬೇಲಿಗೆ ಅಂಟಿ ನಿಲ್ಲುತ್ತಿದ್ದರು. ನಾನೂ ನಿಂತೆ.

ರಾಯಬಾಗ ದಾಟಿದ ಮೇಲೆ ಮನಸ್ಸು ತಿಳಿಯಾಯಿತು. ಚಿಂಚಲಿ ಮಾಯಕ್ಕನ ಜಾತ್ರೆಗೆ ಬಂದ ಭಕ್ತರು ಭಂಡಾರ ಬಳಿದುಕೊಂಡು, ಕೆಲವರು ಚಕ್ಕಡಿಯಲ್ಲಿ, ಕೆಲವರು ನಡೆದು ಮರಳುತ್ತಿದ್ದರು. ಕನ್ನಡ, ಮರಾಠಿ ಎಂಬ ಭೇದವಿಲ್ಲದೆ ಗಡಿಯ ಎರಡೂ ಬದಿಯವರು ಬರುವ ಜಾತ್ರೆ ಅದು. ಕುಡಚಿಯ ಬಳಿ ಕೃಷ್ಣೆಯನ್ನು ದಾಟಿ ಕಾಗವಾಡ ತಾಲ್ಲೂಕಿನ ಉಗಾರದಲ್ಲಿ ತಂಗಿದೆ.

ಅಥಣಿಯಿಂದ ತೆಲಸಂಗದ ಕಡೆ ಹೊರಟ ಕೊನೆಯ ದಿನ ಎರಡು ಲೀಟರ್ ನೀರು ಸಾಕೆಂದು ಭಾವಿಸಿದ್ದು ನನ್ನ ತಪ್ಪು. ನಕಾಶೆಯ ದಾರಿ ಅಲ್ಲಿಯೂ ಎರಡು ಕಡೆ ತಂತಿಬೇಲಿಗೆ ಸಿಕ್ಕಿ ಸತ್ತಿತ್ತು. ಸುತ್ತುಬಳಸಿ ನಡೆಯುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆಗೇ ಬಾಟಲಿ ಬರಿದಾಯಿತು. ಕಣ್ಣಿಗೆ ಕಾಣುವಷ್ಟು ದೂರ ಕೂಳೆ; ನೆರಳೆಂದರೆ ಒಂದು ಬನ್ನಿಮರ. ಒಂಟಿ ನಡಿಗೆಯ ಸುಖವೆಲ್ಲ ಆ ಒಂದು ತಾಸಿನಲ್ಲಿ ಆವಿಯಾಯಿತು. ಕೊನೆಗೆ ಸಿಕ್ಕ ಹೊಲದ ಮನೆಯ ಅಜ್ಜಿ ಏನೂ ಕೇಳದೆ ಮೊದಲು ಬೆಲ್ಲ, ಆಮೇಲೆ ಚೆಂಬು ನೀರು ಕೊಟ್ಟರು. ನಂತರವೇ ‘ಯಾವೂರಪ್ಪಾ ತಮ್ಮಾ, ರಸ್ತಾ ಬಿಟ್ಟು ಇತ್ತಾಗ ಯಾಕ ಬಂದಿ?’ ಎಂಬ ಪ್ರಶ್ನೆ. ನಕಾಶೆ ತೋರಿಸಿದೆ. ತಾವು ಮದುವೆಯಾಗಿ ಬಂದ ದಾರಿ ಅದೇ ಎಂದು ಅವರು ಬೇಲಿಯಾಚೆ ಕೈ ತೋರಿಸಿದರು.

ಮನೆಗೆ ಮರಳಿದ ವಾರದಲ್ಲೇ, ನಡೆಯಲಾಗದೆ ಹೋದ ಮೂರು ದಾರಿಗಳ ಸರ್ವೆ ನಂಬರುಗಳನ್ನು ನಮೂದಿಸಿ, ಅಳತೆ ಮಾಡಿ ತೆರವುಗೊಳಿಸಬೇಕೆಂದು ಸಂಬಂಧಪಟ್ಟ ತಹಶೀಲ್ದಾರರಿಗೆ ಅರ್ಜಿ ಸಲ್ಲಿಸಿದೆ. ಹಳೆಯ ಹುದ್ದೆಯನ್ನು ಅದರಲ್ಲಿ ಬರೆಯಲಿಲ್ಲ. ಸ್ವೀಕೃತಿ ಪತ್ರಗಳು ನನ್ನ ಬಳಿ ಇವೆ. ಬರುವ ಭಾರತ ಹುಣ್ಣಿಮೆಗೆ ಅವನ್ನು ಜೇಬಿನಲ್ಲಿಟ್ಟುಕೊಂಡು ಅದೇ ದಾರಿಯಲ್ಲಿ ಹೊರಡುವವನಿದ್ದೇನೆ, ಈ ಸಲ ನಾಲ್ಕು ಲೀಟರ್ ನೀರಿನೊಂದಿಗೆ.