ಮಳೆಗಾಲದ ಗೋದಾಮು ಇರೋದು ಭರಣಿಯಲ್ಲಿ!

ಪುಷ್ಯ ಮಳೆ ಜಡಿ ಹಿಡಿದಿದೆ.
ಕರೆಂಟಿಲ್ಲ. ರಸ್ತೆಗೆ ಮರ ಬಿದ್ದಿದೆ.
ಮಧ್ಯಾಹ್ನದ ಊಟಕ್ಕೆ ಏನು?

ಅಮೆರಿಕದಲ್ಲಾದರೆ ಕಾಸ್ಟ್‌ಕೊ ಮಳಿಗೆಗೆ ಹೋಗಿ,
25 ವರ್ಷ ಕೆಡದ ಒಣ ಆಹಾರದ ಬಕೆಟ್ ತಂದಿಡುತ್ತಾರೆ.
ಮಲೆನಾಡಿನ ಹೊಸನಗರ, ತೀರ್ಥಹಳ್ಳಿ ಕಡೆಯವರ ಬಕೆಟ್ಟು ಬೇರೆ.
ಅದು ಪಿಂಗಾಣಿ ಭರಣಿ!

ತಯಾರಿ ಶುರುವಾಗೋದು ಬೇಸಿಗೆಯಲ್ಲೇ.
ರಿಪ್ಪನ್‌ಪೇಟೆಗೆ ಉಪ್ಪಿನಕಾಯಿಯ ಮಾವಿನ ಮಿಡಿ ಬರುತ್ತೆ.
ನೂರಕ್ಕೆ ಇಷ್ಟು ಅಂತ ದರ.
ಕೊಳ್ಳುವವರು ಮೊದಲು ನೋಡೋದು ತೊಟ್ಟು.
ಆಮೇಲೆ ತೊಟ್ಟು ಮುರಿದು, ಸೊನೆ ಮೂಸಿ ನೋಡ್ತಾರೆ.
ಘಮ್ಮೆಂದರೆ ಅಪ್ಪೆಮಿಡಿ.
ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಬೇಡವೇ ಬೇಡ,
ಅದೊಂದೇ ಇಡೀ ಭರಣಿ ಕೆಡಿಸುತ್ತೆ.

ಮಿಡಿಗೆ ಧಾರಾಳವಾಗಿ ಕಲ್ಲುಪ್ಪು ಹಾಕಿದರೆ ಏನಾಗುತ್ತೆ?
ಒದ್ದೆ ಬಟ್ಟೆ ಹಿಂಡಿದ ಹಾಗೆ,
ಉಪ್ಪು ಒಳಗಿನ ನೀರನ್ನು ಹೊರಗೆಳೆಯುತ್ತೆ.
ಮಿಡಿ ಚಿರುಟುತ್ತೆ.
ಅಷ್ಟು ಉಪ್ಪಲ್ಲಿ ಕೊಳೆಸುವ ಸೂಕ್ಷ್ಮಜೀವಿ ಸುಲಭಕ್ಕೆ ಬೆಳೆಯಲ್ಲ.

ಹಲಸಿನ ತೊಳೆಗೂ ಇದೇ ಉಪಾಯ.
ಉಪ್ಪಲ್ಲಿಟ್ಟ ತೊಳೆಯನ್ನು ನೀರಲ್ಲಿ ನೆನೆಸಿ, ಹಿಂಡಿ,
ಒಗ್ಗರಣೆ ಕೊಟ್ಟರೆ ಪಲ್ಯ ರೆಡಿ.
ಜೊತೆಗೆ ಅಟ್ಟದ ಮೇಲಿನ ಹಪ್ಪಳ, ಸಂಡಿಗೆ.
ಮೀನು ತಿನ್ನುವವರ ಮನೆಯಲ್ಲಿ ಒಣಮೀನು.
ಕೊಟ್ಟಿಗೆ ಪಕ್ಕ ಒಣಕಟ್ಟಿಗೆಯ ರಾಶಿ.
ಬೆಂಕಿ ಹೊತ್ತದಿದ್ದರೆ ಅಕ್ಕಿ ಇದ್ದೂ ಏನು ಪ್ರಯೋಜನ, ಹೇಳಿ?

ಈಗ ಫ್ರೀಜರ್ ಇದೆ, ನಿಜ.
ಆದರೆ ಕರೆಂಟ್ ಹೋದರೆ ಅದು ಬರೀ ಕಪಾಟು.
ಇಲ್ಲಿ ಗೆಲ್ಲೋದು ಭರಣಿಯೇ.

ಬರುವ ಬೇಸಿಗೆಗೆ ನೀವೂ ಉಪ್ಪಿನಕಾಯಿ ಹಾಕ್ತೀರಾ?
ಹಾಗಾದ್ರೆ ಭರಣಿ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ.
ಒದ್ದೆ ಸೌಟು ಮಾತ್ರ ಅದ್ದಬೇಡಿ!