ಗೋಡೆಗಳ ಕೈ ಹಿಡಿಯುವ ಅಡ್ಡತೊಲೆ

ಹಳೆಯ ಹೆಂಚಿನ ಮನೆಯನ್ನು ನವೀಕರಿಸಲು ಹೊರಟವರ ಕಣ್ಣು ಮೊದಲು ಬೀಳುವುದು ಗೋಡೆಯಿಂದ ಗೋಡೆಗೆ ಹಾದಿರುವ ಅಡ್ಡತೊಲೆಗಳ ಮೇಲೆ. ಅಟ್ಟವೇ ಬೇಡವೆಂದ ಮೇಲೆ ಅದನ್ನು ಹೊತ್ತ ತೊಲೆಗಳೇಕೆ? ಕೊಯ್ದು ತೆಗೆದರೆ ಹಜಾರ ಎತ್ತರವಾಗಿ ಕಾಣುತ್ತದೆ, ಒಳ್ಳೆಯ ಮರವೂ ಕೈಗೆ ಸಿಗುತ್ತದೆ. ಕೆಲವು ಮಳೆಗಾಲ ಕಳೆದು ಗೋಡೆ ಹೊರಕ್ಕೆ ವಾಲಿದಾಗ ಬೈಗುಳ ಮಾತ್ರ ಎಂದೋ ತೀರಿಕೊಂಡ ಮೇಸ್ತ್ರಿಗೆ!

ಇಳಿಜಾರು ಮಾಡಿನ ಎರಡು ಪಕಾಸಿಗಳು ನೆತ್ತಿಯಲ್ಲಿ ಒಂದಕ್ಕೊಂದು ಒರಗಿ ನಿಂತಿರುತ್ತವೆ. ಎರಡು ಇಸ್ಪೀಟು ಎಲೆಗಳನ್ನು ಮೇಜಿನ ಮೇಲೆ ಹಾಗೆಯೇ ಒರಗಿಸಿ ಮೇಲಿನಿಂದ ಒತ್ತಿದರೆ ಬುಡಗಳು ಎರಡು ಕಡೆಗೆ ಜಾರುತ್ತವೆ. ಬುಡಗಳನ್ನು ದಾರದಿಂದ ಬಿಗಿದರೆ ಜಾರುವುದಿಲ್ಲ. ಆ ದಾರದ ಕೆಲಸವೇ ಅಡ್ಡತೊಲೆಯದು. ಅಟ್ಟ ಹೊರುವುದು ಅದರ ಉಪಕಸುಬು. ಮುರಕಲ್ಲಿನದಾಗಲಿ ಮಣ್ಣಿನದಾಗಲಿ, ಗೋಡೆ ಮೇಲಿನಿಂದ ಬರುವ ಭಾರವನ್ನು ಸಲೀಸಾಗಿ ಹೊರುತ್ತದೆ. ಪಕ್ಕಕ್ಕೆ ತಳ್ಳಿದರೆ ತಾಳದು.

ಭಾರವೇನೂ ಸಣ್ಣದಲ್ಲ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹೆಂಚು ಒಂದೊಂದೂ 2ರಿಂದ 3 ಕಿಲೋ ತೂಗುತ್ತದೆ. ಒಂದು ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು. ಮಳೆ ನೀರು ಹೀರಿದಾಗ ತೂಕ ಇನ್ನಷ್ಟು.

ಇಳಿಜಾರು ಕಡಿಮೆಯಾದಷ್ಟೂ ತಳ್ಳಾಟ ಹೆಚ್ಚು. ಒಂದು ಜೊತೆ ಪಕಾಸಿ 400 ಕಿಲೋ ಹೊತ್ತಿದೆ ಎನ್ನೋಣ. ಮಾಡು 45 ಡಿಗ್ರಿ ಇಳಿಜಾರಿದ್ದರೆ ಪ್ರತಿ ಬುಡವೂ ಗೋಡೆಯನ್ನು ಸುಮಾರು 100 ಕಿಲೋದಷ್ಟು ಹೊರಕ್ಕೆ ತಳ್ಳುತ್ತದೆ. 30 ಡಿಗ್ರಿಯಾದರೆ 173 ಕಿಲೋ. 15ಕ್ಕಿಳಿಸಿದರೆ 373! ಮರ ಉಳಿಸಲೆಂದು ಮಾಡನ್ನು ತಗ್ಗಿಸುವವರು ಈ ಲೆಕ್ಕ ನೋಡುವುದಿಲ್ಲ.

ಎಲ್ಲ ಮನೆಗಳೂ ಅಡ್ಡತೊಲೆಯನ್ನೇ ನಂಬಿವೆ ಎನ್ನುವಂತಿಲ್ಲ. ನೆತ್ತಿಯ ಉದ್ದತೊಲೆಯನ್ನು ಗಟ್ಟಿ ಕಂಬಗಳೋ ಮನೆಯ ಎರಡು ತುದಿಯ ಮುಕ್ಕೋನದ ಗೋಡೆಗಳೋ ಹೊತ್ತಿದ್ದರೆ ಪಕಾಸಿಗಳು ಅದಕ್ಕೆ ಜೋತುಬಿದ್ದಂತಿರುತ್ತವೆ; ತಳ್ಳಾಟ ಬಹುಮಟ್ಟಿಗೆ ಇಲ್ಲವಾಗುತ್ತದೆ. ನಡುಮನೆಯ ಕಂಬ ಅಡ್ಡ ಬರುತ್ತದೆಂದು ಅದನ್ನೂ ಕಿತ್ತರೆ ಕಥೆ ಮತ್ತೆ ಮೊದಲಿನದೇ.

ಅಡ್ಡತೊಲೆಯನ್ನು ಪಕಾಸಿಗಳ ನಡುಮಟ್ಟಕ್ಕೆ ಏರಿಸಿ ಕಟ್ಟಿದರಾಗದೇ ಎಂದು ಕೇಳುವವರುಂಟು. ಮೇಲೇರಿದಂತೆ ತೊಲೆಯ ಮೇಲಿನ ಎಳೆತ ಹೆಚ್ಚುತ್ತದೆ, ಅದರ ಕೆಳಗಿನ ಪಕಾಸಿ ಬಾಗತೊಡಗುತ್ತದೆ. ಗೋಡೆ ಮತ್ತೆ ಹೊರಕ್ಕೆ.

ಗೋಡೆ ಸರಿಯುತ್ತಿದ್ದರೆ ಮನೆಯೇ ಹೇಳುತ್ತದೆ. ಮಾಡಿನ ನೆತ್ತಿ ನಡುವೆ ತಗ್ಗುತ್ತದೆ, ಹೆಂಚುಗಳ ಸಾಲು ಬಿಡುತ್ತದೆ, ಅಡ್ಡಗೋಡೆ ಹೊರಗೋಡೆಯನ್ನು ಸೇರುವ ಮೂಲೆಯಲ್ಲಿ ಮೇಲೆ ಅಗಲ, ಕೆಳಗೆ ಸಪುರವಾದ ಬಿರುಕು ಮೂಡುತ್ತದೆ.

ಎತ್ತರದ ಹಜಾರ ಬೇಕೇ ಬೇಕೆಂದರೆ ದಾರಿ ಇಲ್ಲದಿಲ್ಲ. ಕಿರುಬೆರಳ ದಪ್ಪದ ಉಕ್ಕಿನ ಸರಳೊಂದು 1,000 ಕಿಲೋಗೂ ಹೆಚ್ಚಿನ ಎಳೆತ ತಾಳಬಲ್ಲದು. ಪಕಾಸಿಗಳ ಬುಡದ ಮಟ್ಟದಲ್ಲೇ ಅಂಥ ಸರಳುಗಳನ್ನು ಹಾಯಿಸಿ, ಗೋಡೆಯ ಹೊರಗೆ ಪಟ್ಟಿ ಕೊಟ್ಟು ನಟ್ಟಿನಿಂದ ಬಿಗಿಯಬಹುದು. ಎಷ್ಟು ಸರಳು, ಎಲ್ಲೆಲ್ಲಿ ಎಂಬುದನ್ನು ಎಂಜಿನಿಯರರೇ ಹೇಳಬೇಕು. ತೊಲೆಗೆ ಗರಗಸ ಇಡುವುದು ಸರಳು ಬಿಗಿದ ಮೇಲೆ.