ಎಳೆ ಕಡಿದರೆ ನಿಲ್ಲುವ ಮಗ್ಗ
ಟೊಯೊಟಾ ಸಂಸ್ಥೆಯ ಹೆಸರು ಬೆಳೆದ ಬಗೆ ಮತ್ತು ಸಣ್ಣ ಉದ್ಯಮಗಳಿಗೆ ಅದರಿಂದ ದೊರೆಯುವ ಪಾಠ

ಧರ್ಮಸ್ಥಳಕ್ಕೆ ಬರುವ ಯಾತ್ರಿಕರಲ್ಲಿ ಹಲವರು ದೇವರ ದರ್ಶನ ಮುಗಿಸಿ ಅಲ್ಲಿನ ಹಳೆಯ ಕಾರುಗಳ ಸಂಗ್ರಹಾಲಯಕ್ಕೂ ಹೋಗಿ ಬರುತ್ತಾರೆ. ಒಳಗೆ ಇರುವುವು ದುಡಿದು ವಿಶ್ರಾಂತಿ ಪಡೆಯುತ್ತಿರುವ ಕಾರುಗಳು. ಹೊರಗೆ, ವಾಹನ ನಿಲುಗಡೆಯ ಬಯಲಿನಲ್ಲಿ ನಿಂತಿರುವುವು ಇನ್ನೂ ದುಡಿಯುತ್ತಿರುವ ಕಾರುಗಳು. ಹಳದಿ ಫಲಕದ ಆ ಬಾಡಿಗೆ ವಾಹನಗಳ ನಡುವೆ ಟೊಯೊಟಾ ಇನ್ನೋವಾ ಎದ್ದು ಕಾಣುತ್ತದೆ.

ಬಂಟ್ವಾಳದ ಬಿ.ಸಿ. ರೋಡಿನಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಶಿರಾಡಿ ಘಾಟಿಯತ್ತ ಸಾಗಿದರೆ ಇನ್ನೊಂದು ಬೆಳ್ತಂಗಡಿ, ಉಜಿರೆಗಳನ್ನು ಹಾದು ಚಾರ್ಮಾಡಿ ಘಾಟಿಯನ್ನು ಏರುತ್ತದೆ. ಮೂಡುಬಿದಿರೆಯ ಹೆದ್ದಾರಿಯೂ ಕಾರ್ಕಳವನ್ನು ದಾಟಿ ಘಟ್ಟವನ್ನೇ ಸೇರುತ್ತದೆ. ಹೀಗಾಗಿ ಈ ಮೂರು ಊರುಗಳ ಟೂರಿಸ್ಟ್ ಕಾರಿನ ಮಾಲೀಕರಿಗೆ ಘಟ್ಟ, ಮಳೆ, ಸಾಲದ ಕಂತು ಇವು ಮೂರೂ ತಪ್ಪಿದ್ದಲ್ಲ. ವಾಹನ ಒಂದು ದಿನ ಗ್ಯಾರೇಜಿನಲ್ಲಿ ನಿಂತರೆ ಅಂದಿನ ಬಾಡಿಗೆಯ ಜೊತೆಗೆ ಕಾಯಂ ಗಿರಾಕಿಯೂ ಕೈತಪ್ಪಬಹುದು. ಕೊಳ್ಳುವಾಗ ಬೆಲೆ ಹೆಚ್ಚು, ಬಿಡಿಭಾಗವೂ ಅಗ್ಗವಲ್ಲ ಎಂಬುದನ್ನು ತಿಳಿದೂ ಇಂಥ ಮಾಲೀಕರು ಆ ಹೆಸರನ್ನು ಆರಿಸಿಕೊಳ್ಳುವುದು ಎರಡು ನಂಬಿಕೆಗಳಿಂದ: ದಾರಿಯ ನಡುವೆ ಕೈಕೊಡುವುದಿಲ್ಲ, ಮಾರುವಾಗ ಬೆಲೆ ಬರುತ್ತದೆ.

ವ್ಯಾಪಾರದಲ್ಲಿ ಇಂಥ ನಂಬಿಕೆಯೇ ದೊಡ್ಡ ಬಂಡವಾಳ. ಅದು ಹೇಗೆ ಕೂಡಿಬಂದಿತು, ಎಲ್ಲಿ ಕರಗಿತು ಎಂಬುದನ್ನು ಅರಿಯಬೇಕಾದರೆ ಜಪಾನಿನ ಒಂದು ಹಳ್ಳಿಯಿಂದ ಆರಂಭಿಸಬೇಕಾಗುತ್ತದೆ.

ಬಡಗಿಯ ಮಗ ಕಟ್ಟಿದ ಮಗ್ಗ

ಸಾಕಿಚಿ ಟೊಯೊಡಾ ಅವರು 1867ರಲ್ಲಿ ಇಂದಿನ ಶಿಜುವೊಕಾ ಪ್ರಾಂತದ ಹಳ್ಳಿಯೊಂದರಲ್ಲಿ ಬಡಗಿಯ ಮಗನಾಗಿ ಜನಿಸಿದರು. ಊರಿನ ಮನೆಮನೆಗಳಲ್ಲಿ ಹೆಂಗಸರು ಕೈಮಗ್ಗದ ಮುಂದೆ ಪಡುತ್ತಿದ್ದ ಶ್ರಮವನ್ನು ನೋಡಿ ಬೆಳೆದ ಅವರು, ಸುಧಾರಿತ ಮರದ ಕೈಮಗ್ಗವೊಂದನ್ನು ರಚಿಸಿ 1891ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಅಲ್ಲಿಂದ ಮೂರು ದಶಕಗಳ ಪ್ರಯೋಗ ನಡೆದು, 1924ರಲ್ಲಿ ‘ಜಿ ಮಾದರಿ’ಯ ಸ್ವಯಂಚಾಲಿತ ಮಗ್ಗ ಸಿದ್ಧವಾಯಿತು.

ಓಟವನ್ನು ನಿಲ್ಲಿಸದೆಯೇ ಲಾಳಿಯನ್ನು ಬದಲಿಸಿಕೊಳ್ಳುವುದು ಆ ಮಗ್ಗದ ಒಂದು ವಿಶೇಷ. ಇನ್ನೊಂದು ವಿಶೇಷ ಅದಕ್ಕಿಂತಲೂ ಮಹತ್ತ್ವದ್ದು. ಹಾಸಿನ ಒಂದೇ ಒಂದು ಎಳೆ ಕಡಿದರೂ ಮಗ್ಗ ತಾನಾಗಿಯೇ ನಿಲ್ಲುತ್ತಿತ್ತು. ಇಂಥ ವ್ಯವಸ್ಥೆಯಿಲ್ಲದ ಯಂತ್ರಮಗ್ಗಗಳು ಎಳೆ ಕಡಿದರೂ ನೇಯುತ್ತಲೇ ಹೋಗುತ್ತಿದ್ದುದರಿಂದ ಗಜಗಟ್ಟಲೆ ಬಟ್ಟೆ ಕೆಡುತ್ತಿತ್ತು. ಅದನ್ನು ತಪ್ಪಿಸಲು ಆಳುಗಳು ಯಂತ್ರದ ಪಕ್ಕದಲ್ಲಿಯೇ ಕಾವಲು ಕಾಯಬೇಕಾಗಿತ್ತು. ಹೊಸ ಮಗ್ಗ ತನ್ನ ತಪ್ಪನ್ನು ತಾನೇ ಸಾರುತ್ತಿದ್ದುದರಿಂದ ಒಬ್ಬರೇ ಹತ್ತಾರು ಮಗ್ಗಗಳನ್ನು ನೋಡಿಕೊಳ್ಳುವುದು ಸಾಧ್ಯವಾಯಿತು.

ಈ ಮಗ್ಗವನ್ನು ತಯಾರಿಸಲು 1926ರಲ್ಲಿ ಟೊಯೊಡಾ ಸ್ವಯಂಚಾಲಿತ ಮಗ್ಗ ಕಾರ್ಖಾನೆ ಸ್ಥಾಪನೆಯಾಯಿತು. ಜವಳಿ ಯಂತ್ರಗಳಿಗೆ ಜಗತ್ಪ್ರಸಿದ್ಧವಾಗಿದ್ದ ಇಂಗ್ಲೆಂಡಿನ ಪ್ಲ್ಯಾಟ್ ಬ್ರದರ್ಸ್ ಸಂಸ್ಥೆಯೇ 1929ರಲ್ಲಿ 1 ಲಕ್ಷ ಪೌಂಡುಗಳಿಗೆ ಇದರ ಹಕ್ಕನ್ನು ಪಡೆಯಲು ಒಪ್ಪಂದ ಮಾಡಿಕೊಂಡಿತು. ಯಂತ್ರವಿದ್ಯೆಯನ್ನು ಇಂಗ್ಲೆಂಡಿನಿಂದ ಕಲಿತ ದೇಶವೊಂದು ಇಂಗ್ಲೆಂಡಿಗೇ ಅದನ್ನು ಮಾರಿದ ಪ್ರಸಂಗವಿದು.

ಮೊದಲ ಲಾರಿಗಳ ಸೋಲು

ಸಾಕಿಚಿಯವರ ಪುತ್ರ ಕೀಚಿರೊ ಟೊಯೊಡಾ ಅವರು ಮಗ್ಗದ ಕಾರ್ಖಾನೆಯೊಳಗೆ 1933ರಲ್ಲಿ ಮೋಟಾರು ವಿಭಾಗವನ್ನು ತೆರೆದರು. 1935ರಲ್ಲಿ ಹೊರಬಂದ ‘ಜಿ 1’ ಲಾರಿಗಳು ಪದೇ ಪದೇ ಕೆಟ್ಟು ನಿಂತವು. ಇಂದು ‘ಕೆಡದ ಗಾಡಿ’ ಎನಿಸಿಕೊಂಡ ಸಂಸ್ಥೆಯ ಆರಂಭ ಹೀಗಿತ್ತು. ಕೆಟ್ಟ ಲಾರಿ ಎಲ್ಲಿ ನಿಂತಿದೆಯೋ ಅಲ್ಲಿಗೇ ಸಂಸ್ಥೆಯವರು ಹೋಗಿ ದುರಸ್ತಿ ಮಾಡಿದರು. ಕೆಟ್ಟ ಕಾರಣವನ್ನು ಕಂಡು ತಯಾರಿಕೆಯಲ್ಲಿ ತಿದ್ದಿಕೊಂಡರು. 1936ರಲ್ಲಿ ‘ಎಎ’ ಮಾದರಿಯ ಕಾರು ಬಂತು. 1937ರ ಆಗಸ್ಟಿನಲ್ಲಿ ಮೋಟಾರು ಕಂಪನಿ ಪ್ರತ್ಯೇಕವಾಗಿ ನೋಂದಣಿಯಾಯಿತು. ಮನೆತನದ ಹೆಸರಾದ ‘ಟೊಯೊಡಾ’ ವ್ಯಾಪಾರದಲ್ಲಿ ‘ಟೊಯೊಟಾ’ ಆಯಿತು. ಜಪಾನೀ ಲಿಪಿಯಲ್ಲಿ ಅದನ್ನು ಬರೆಯಲು ಎಂಟು ಗೆರೆಗಳು ಸಾಕು. ಎಂಟು ಅಲ್ಲಿ ಶುಭಸಂಖ್ಯೆ.

ಎರಡನೆಯ ಮಹಾಯುದ್ಧದ ನಂತರ ಸಂಸ್ಥೆ ದಿವಾಳಿಯ ಅಂಚಿಗೆ ಬಂದಿತ್ತು. 1950ರಲ್ಲಿ ಸುಮಾರು 1,600 ಮಂದಿಯನ್ನು ಕೆಲಸದಿಂದ ಬಿಡಿಸುವ ಪ್ರಸ್ತಾವ ಬಂದಾಗ ದೀರ್ಘ ಮುಷ್ಕರ ನಡೆಯಿತು. ಅದರ ಹೊಣೆ ಹೊತ್ತು ಕೀಚಿರೊ ಅವರು ಅಧ್ಯಕ್ಷ ಸ್ಥಾನವನ್ನು ತೊರೆದರು. ಅದೇ ವರ್ಷ ಕೊರಿಯಾ ಯುದ್ಧ ಆರಂಭವಾಗಿ, ಅಮೆರಿಕದ ಸೇನೆ ಲಾರಿಗಳಿಗೆ ಬೇಡಿಕೆ ಸಲ್ಲಿಸಿದ್ದರಿಂದ ಕಾರ್ಖಾನೆ ಉಳಿಯಿತು. ಕೀಚಿರೊ ಅವರು ಮಾತ್ರ 1952ರಲ್ಲಿ ತೀರಿಕೊಂಡರು. ಸಂಸ್ಥೆಯ ಅದೃಷ್ಟ ಬದಲಾದುದರ ಪೂರ್ಣ ಫಲವನ್ನು ಅವರು ಕಾಣಲಿಲ್ಲ.

1957ರಲ್ಲಿ ಅಮೆರಿಕಕ್ಕೆ ಹೋದ ಕ್ರೌನ್ ಕಾರು ಅಲ್ಲಿನ ಹೆದ್ದಾರಿಗಳ ವೇಗಕ್ಕೆ ತಾಳದೆ ಸೋತಿತು. 1966ರಲ್ಲಿ ಬಂದ ಕೊರೊಲಾ ಆ ಸೋಲನ್ನು ಮರೆಸಿತು.

ನಿಲ್ಲಿಸುವ ಅಧಿಕಾರ

ಮಗ್ಗದ ತತ್ತ್ವವನ್ನು ಮೋಟಾರಿಗೆ ತಂದವರು ತಾಯ್‌ಇಚಿ ಓನೊ. ಟೊಯೊಡಾ ನೂಲಿನ ಗಿರಣಿಯಲ್ಲಿ ಕೆಲಸ ಕಲಿತು 1943ರಲ್ಲಿ ಮೋಟಾರು ಕಂಪನಿಗೆ ಬಂದವರವರು. ಕಾರು ಜೋಡಣೆಯ ಸಾಲಿನಲ್ಲಿ ದುಡಿಯುವ ಕಾರ್ಮಿಕರಿಗೆ ದೋಷ ಕಂಡೊಡನೆ ಹಗ್ಗ ಎಳೆದು ಎಚ್ಚರಿಸುವ, ದೋಷ ಸರಿಯಾಗದಿದ್ದರೆ ಸಾಲನ್ನೇ ನಿಲ್ಲಿಸುವ ಅಧಿಕಾರ ದೊರೆಯಿತು. ಸಾಲು ನಿಂತರೆ ನಷ್ಟವೆಂಬುದು ಎಲ್ಲ ಕಾರ್ಖಾನೆಗಳ ಲೆಕ್ಕ. ದೋಷ ಮುಂದಕ್ಕೆ ಸಾಗಿದರೆ ಅದಕ್ಕಿಂತ ದೊಡ್ಡ ನಷ್ಟವೆಂಬುದು ಓನೊ ಅವರ ಲೆಕ್ಕವಾಗಿತ್ತು.

ಅವರ ಎರಡನೆಯ ಸೂತ್ರ ದಾಸ್ತಾನಿಗೆ ಸಂಬಂಧಿಸಿದ್ದು. ಅಮೆರಿಕದ ಸೂಪರ್ ಮಾರ್ಕೆಟ್ಟುಗಳಲ್ಲಿ ಗಿರಾಕಿ ಕೊಂಡೊಯ್ದಷ್ಟು ಸರಕನ್ನು ಮಾತ್ರ ಕಪಾಟಿಗೆ ಮತ್ತೆ ತುಂಬುವ ಕ್ರಮ ಅವರ ಗಮನ ಸೆಳೆದಿತ್ತು. ಅದರಂತೆಯೇ, ಮುಂದಿನ ವಿಭಾಗ ಬಳಸಿದಷ್ಟನ್ನು ಮಾತ್ರ ಹಿಂದಿನ ವಿಭಾಗ ತಯಾರಿಸಬೇಕು ಎಂದು ಅವರು ವಿಧಿಸಿದರು. ಬೇಕಾದುದನ್ನು ತಿಳಿಸುವ ಚೀಟಿಗೆ ‘ಕಾನ್‌ಬಾನ್’ ಎಂದು ಹೆಸರಾಯಿತು. ದಾಸ್ತಾನು ಕಡಿಮೆಯಾದಾಗ ಬಡ್ಡಿ ಉಳಿಯುತ್ತದೆ. ರಾಶಿಯ ಅಡಿಯಲ್ಲಿ ಅಡಗಿದ್ದ ದೋಷಗಳೂ ಹೊರಬೀಳುತ್ತವೆ.

ಮೂರನೆಯದು, ತಪ್ಪು ಕಂಡಾಗ ‘ಏಕೆ’ ಎಂದು ಐದು ಬಾರಿ ಕೇಳುವ ಪದ್ಧತಿ. ಯಾರು ತಪ್ಪು ಮಾಡಿದರೆಂಬುದಕ್ಕಿಂತ ತಪ್ಪು ಎಲ್ಲಿ ಹುಟ್ಟಿತೆಂಬುದೇ ಇಲ್ಲಿ ಮುಖ್ಯ.

ಬಿಡದಿಯಲ್ಲಿ

ಕರ್ನಾಟಕದಲ್ಲಿ ಈ ಸಂಸ್ಥೆ ಕೈಜೋಡಿಸಿದ್ದು ಕಿರ್ಲೋಸ್ಕರ್ ಸಮೂಹದೊಂದಿಗೆ. ಆ ಮನೆತನದ ಮೂಲವೂ ಸಣ್ಣ ಉದ್ಯಮವೇ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಅವರು ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆಗೆ ತೊಡಗಿದವರು. ಮಗ್ಗ ಕಟ್ಟಿದವರ ಸಂಸ್ಥೆಯೂ ನೇಗಿಲು ಕಟ್ಟಿದವರ ಸಂಸ್ಥೆಯೂ ಬಿಡದಿಯಲ್ಲಿ ಒಂದಾದುದು ಕುತೂಹಲಕರ.

1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆ ರೂಪುಗೊಂಡಿತು. ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಲ್ಲಿ ಉತ್ಪಾದನೆ ಆರಂಭವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಮಾರುಕಟ್ಟೆಗೆ ಬಂತು. ನೋಟಕ್ಕೆ ಹಳೆಯ ಕಾಲದ್ದೆಂದು ಟೀಕೆಗೊಳಗಾದರೂ ಬಾಡಿಗೆ ವಾಹನದವರು ಅದನ್ನು ಮೆಚ್ಚಿದರು. ಅದು ಇನ್ನೂ ಚೆನ್ನಾಗಿ ಮಾರಾಟವಾಗುತ್ತಿದ್ದಾಗಲೇ, 2005ರಲ್ಲಿ, ಅದನ್ನು ನಿಲ್ಲಿಸಿ ಇನ್ನೋವಾವನ್ನು ತರಲಾಯಿತು. 2007ರಲ್ಲಿ ಬಿಡದಿಯಲ್ಲಿಯೇ ಗ್ರಾಮೀಣ ಯುವಕರಿಗಾಗಿ ತಾಂತ್ರಿಕ ತರಬೇತಿ ಸಂಸ್ಥೆ ಆರಂಭವಾಯಿತು. 2010ರ ಕೊನೆಯಲ್ಲಿ ಎರಡನೆಯ ಕಾರ್ಖಾನೆ ಸೇರಿತು.

ಎಲ್ಲವೂ ಸುಗಮವಾಗಿ ನಡೆಯಿತೆನ್ನುವಂತಿಲ್ಲ. 2006, 2014 ಮತ್ತು 2020ರಲ್ಲಿ ಬಿಡದಿ ಕಾರ್ಮಿಕ ವಿವಾದಗಳನ್ನೂ ಬೀಗಮುದ್ರೆಯನ್ನೂ ಕಂಡಿತು. 2020ರ ನವೆಂಬರಿನಲ್ಲಿ ಆರಂಭವಾದ ಮುಷ್ಕರ 2021ರ ಮಾರ್ಚಿನವರೆಗೂ ಎಳೆಯಿತು. ಕೆಲಸದ ಒತ್ತಡ ಮಿತಿಮೀರಿದೆ ಎಂಬುದು ಕಾರ್ಮಿಕರ ದೂರಾಗಿದ್ದರೆ, ಮುಷ್ಕರ ಕಾನೂನುಬಾಹಿರವೆಂಬುದು ಆಡಳಿತದ ವಾದವಾಗಿತ್ತು. ಯಂತ್ರದ ದೋಷಕ್ಕೆ ಹಗ್ಗ ಎಳೆಯುವುದು ಸುಲಭ. ಮನುಷ್ಯರ ಅಸಮಾಧಾನಕ್ಕೆ ಅಂಥ ಹಗ್ಗವೊಂದನ್ನು ಕಟ್ಟುವುದು ಹೆಸರಾಂತ ಸಂಸ್ಥೆಗೂ ಕಷ್ಟವೇ ಎಂಬುದನ್ನು ಈ ಪ್ರಕರಣ ತೋರಿಸಿತು.

ಹೆಸರಿಗೆ ಬಿದ್ದ ಪೆಟ್ಟು

2008ರಲ್ಲಿ ಟೊಯೊಟಾ ಮಾರಾಟದಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯನ್ನು ಹಿಂದಿಕ್ಕಿ ಜಗತ್ತಿನಲ್ಲಿ ಮೊದಲ ಸ್ಥಾನಕ್ಕೇರಿತು. ಮರುವರ್ಷವೇ ಪೆಟ್ಟು ಬಿತ್ತು. ವೇಗವರ್ಧಕದ ಪೆಡಲು ಅಂಟಿಕೊಳ್ಳುವುದು, ನೆಲಹಾಸು ಪೆಡಲಿಗೆ ಸಿಲುಕುವುದು ಮೊದಲಾದ ದೂರುಗಳಿಂದ 2009–10ರಲ್ಲಿ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಕೀಚಿರೊ ಅವರ ಮೊಮ್ಮಗನೂ ಆಗಿನ ಅಧ್ಯಕ್ಷರೂ ಆಗಿದ್ದ ಅಕಿಯೊ ಟೊಯೊಡಾ ಅವರು 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹಾಜರಾಗಿ ಕ್ಷಮೆ ಕೋರಿದರು. ಸಂಸ್ಥೆ ಬೆಳೆದ ವೇಗ ಮಿತಿಮೀರಿದ್ದಿರಬಹುದೆಂದು ಒಪ್ಪಿಕೊಂಡರು. ಸುರಕ್ಷತೆಯ ವಿಷಯದಲ್ಲಿ ಗ್ರಾಹಕರಿಗೆ ತಪ್ಪು ಮಾಹಿತಿ ನೀಡಿದ ಪ್ರಕರಣದಲ್ಲಿ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಬೇಕಾಯಿತು. ದೋಷಕ್ಕಿಂತ ದೋಷವನ್ನು ಮರೆಮಾಚಿದ್ದಕ್ಕೇ ತೆತ್ತ ಬೆಲೆಯದು.

ಮುಂದಿನ ಪೆಟ್ಟು ಮನೆಯೊಳಗಿನಿಂದಲೇ ಬಂತು. ಅಂಗಸಂಸ್ಥೆ ಡೈಹಾಟ್ಸು ಸುರಕ್ಷತಾ ಪರೀಕ್ಷೆಗಳಲ್ಲಿ ಅಕ್ರಮ ನಡೆಸಿದ್ದು 2023ರಲ್ಲಿ ಬಯಲಾಯಿತು. 2024ರ ಜನವರಿಯಲ್ಲಿ ಟೊಯೊಟಾ ಇಂಡಸ್ಟ್ರೀಸ್ ತಯಾರಿಸುವ ಮೂರು ಡೀಸೆಲ್ ಎಂಜಿನ್ನುಗಳ ಶಕ್ತಿಪರೀಕ್ಷೆಯಲ್ಲಿ ಅಕ್ರಮ ನಡೆದಿರುವುದು ಹೊರಬಿತ್ತು. ಪರೀಕ್ಷೆಯ ವೇಳೆ, ಮಾರಾಟದ ವಾಹನಗಳಲ್ಲಿರುವುದಕ್ಕಿಂತ ಭಿನ್ನವಾದ ತಂತ್ರಾಂಶವನ್ನು ಬಳಸಲಾಗಿತ್ತು. ಪರಿಣಾಮವಾಗಿ ಭಾರತದಲ್ಲಿಯೂ ಇನ್ನೋವಾ ಕ್ರಿಸ್ಟಾ, ಫಾರ್ಚೂನರ್, ಹೈಲಕ್ಸ್ ವಾಹನಗಳ ರವಾನೆ ಕೆಲಕಾಲ ನಿಂತಿತು. ಎಂಜಿನ್ನುಗಳು ನಿಗದಿತ ಮಟ್ಟವನ್ನು ಪೂರೈಸುತ್ತವೆ, ಬಳಕೆ ನಿಲ್ಲಿಸಬೇಕಾಗಿಲ್ಲ ಎಂದು ಸಂಸ್ಥೆ ತಿಳಿಸಿತಾದರೂ ಮುಜುಗರ ತಪ್ಪಲಿಲ್ಲ. ಏಕೆಂದರೆ ಟೊಯೊಟಾ ಇಂಡಸ್ಟ್ರೀಸ್ ಬೇರೆ ಯಾವುದೂ ಅಲ್ಲ. 1926ರಲ್ಲಿ ಎಳೆ ಕಡಿದರೆ ನಿಲ್ಲುವ ಮಗ್ಗವನ್ನು ತಯಾರಿಸಲು ಹುಟ್ಟಿದ ಅದೇ ಕಾರ್ಖಾನೆ.

ಇಷ್ಟಾದರೂ 2020ರಿಂದ 2024ರವರೆಗೆ ಸತತ ಐದು ವರ್ಷ ಈ ಸಮೂಹ ಜಗತ್ತಿನ ಅತಿ ಹೆಚ್ಚು ವಾಹನಗಳನ್ನು ಮಾರಿದೆ. ದಶಕಗಳ ಕಾಲ ಕೂಡಿಟ್ಟ ನಂಬಿಕೆ ಕಷ್ಟಕಾಲದಲ್ಲಿ ಕೈಹಿಡಿಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಆದರೆ ಅಷ್ಟು ದೊಡ್ಡ ಠೇವಣಿ ಸಣ್ಣ ಉದ್ಯಮಿಯ ಖಾತೆಯಲ್ಲಿ ಇರುವುದಿಲ್ಲ.

ಗಿರಣಿ, ಕಾರ್ಖಾನೆಗಳಿಗೆ ಅನ್ವಯ

ಈ ಪದ್ಧತಿಯಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಉದ್ಯಮಿಗಳಿಗೆ ಒಗ್ಗುವುದಾವುದು, ಒಗ್ಗದಿರುವುದಾವುದು ಎಂಬುದನ್ನು ವಿವೇಚಿಸಬೇಕು. ಗೇರುಬೀಜದ ಕಾರ್ಖಾನೆ ಸುಗ್ಗಿಯಲ್ಲಿ ಬೀಜ ಕೊಂಡು ವರ್ಷಪೂರ್ತಿ ಒಡೆಯಬೇಕು; ಕುಚ್ಚಲಕ್ಕಿ ಗಿರಣಿ ಕಟಾವಿನ ಕಾಲದಲ್ಲಿ ಭತ್ತ ಸಂಗ್ರಹಿಸಲೇಬೇಕು. ಇಂಥಲ್ಲಿ ಕಚ್ಚಾಮಾಲಿನ ದಾಸ್ತಾನನ್ನು ಕಡಿಮೆ ಮಾಡುವ ಮಾತು ವ್ಯರ್ಥ. ಟೊಯೊಟಾ ಕೂಡ 2011ರ ಭೂಕಂಪದಲ್ಲಿ ಬಿಡಿಭಾಗ ದೊರೆಯದೆ ತೊಂದರೆಗೀಡಾದ ಬಳಿಕ, ಅಗತ್ಯವಾದ ಎಲೆಕ್ಟ್ರಾನಿಕ್ ಚಿಪ್‌ಗಳನ್ನು ತಿಂಗಳುಗಟ್ಟಲೆ ಮುಂಚಿತವಾಗಿ ಸಂಗ್ರಹಿಸಿಡುವಂತೆ ಪೂರೈಕೆದಾರರಿಗೆ ಸೂಚಿಸಿತು. ಆದರೆ ಅರ್ಧ ಸಂಸ್ಕರಿಸಿದ ಮಾಲು ಒಂದು ಹಂತದಿಂದ ಇನ್ನೊಂದು ಹಂತಕ್ಕೆ ಹೋಗುವ ಮುನ್ನ ರಾಶಿಬೀಳುವುದನ್ನು ಯಾವ ಕಾರ್ಖಾನೆಯೂ ತಡೆಯಬಹುದು.

‘ಐದು ಏಕೆ’ಗಳಿಗೆ ಖರ್ಚಿಲ್ಲ. ಗೇರುಬೀಜ ಒಡೆಯುವಾಗ ತುಂಡಾಗುವ ತಿರುಳು ಹೆಚ್ಚಾಯಿತೆಂದು ಭಾವಿಸೋಣ. ಇಡಿ ತಿರುಳಿಗೂ ತುಂಡಿಗೂ ಇರುವ ಬೆಲೆಯ ಅಂತರ ಎಲ್ಲರಿಗೂ ತಿಳಿದದ್ದೇ. ಏಕೆ ತುಂಡಾಗುತ್ತಿದೆ? ಬೀಜ ಸಮನಾಗಿ ಬೆಂದಿಲ್ಲ. ಏಕೆ ಬೆಂದಿಲ್ಲ? ದೊಡ್ಡದೂ ಸಣ್ಣದೂ ಒಂದೇ ಹಬೆಯಲ್ಲಿ ಸೇರಿವೆ. ಏಕೆ ಸೇರಿದವು? ಗಾತ್ರವನ್ನು ಬೇರ್ಪಡಿಸುವ ಜರಡಿ ಸವೆದಿದೆ. ಅದನ್ನೇಕೆ ಬದಲಿಸಿಲ್ಲ? ಯಾರೂ ನೋಡಿಲ್ಲ. ಏಕೆ ನೋಡಿಲ್ಲ? ನೋಡುವ ಹೊಣೆಯನ್ನು ಯಾರಿಗೂ ವಹಿಸಿಲ್ಲ. ಮೊದಲ ಪ್ರಶ್ನೆಗೇ ನಿಂತಿದ್ದರೆ ಬೀಜ ಒಡೆಯುವ ಕೆಲಸದವರು ಬೈಗುಳ ತಿನ್ನುತ್ತಿದ್ದರು. ಜರಡಿ ಮಾತ್ರ ಹಾಗೆಯೇ ಉಳಿಯುತ್ತಿತ್ತು.

ಇನ್ನು ಹಗ್ಗದ ವಿಚಾರ. ಕಲ್ಲು ಬೆರೆತ ಅಕ್ಕಿ, ತೂಕ ಕಡಿಮೆಯಾದ ಚೀಲ, ಸರಿಯಾಗಿ ಅಂಟದ ಪೊಟ್ಟಣಗಳನ್ನು ಮೊದಲು ಕಾಣುವವರು ಮಾಲೀಕರಲ್ಲ, ಕೆಲಸದವರು. ಅದನ್ನು ಕಂಡೊಡನೆ ಯಂತ್ರ ನಿಲ್ಲಿಸಿ ತಿಳಿಸಿದವರಿಗೆ ಸಮಯ ಹಾಳು ಮಾಡಿದರೆಂದು ಗದರಿದರೆ, ಮುಂದಿನ ಬಾರಿ ಅವರು ಸುಮ್ಮನಿರುತ್ತಾರೆ. ದೋಷ ಮಂಗಳೂರಿನ ಸಗಟು ಮಳಿಗೆಯನ್ನೋ ಕೊಲ್ಲಿ ರಾಷ್ಟ್ರದ ಗ್ರಾಹಕರನ್ನೋ ತಲುಪಿದ ಬಳಿಕ ಪತ್ರದ ಮೂಲಕ ತಿಳಿಯುತ್ತದೆ. ಆಗ ಹಿಂದಿರುಗಿ ಬರುವುದು ಮಾಲು. ಹೋದ ಹೆಸರು ಬರುವುದಿಲ್ಲ.

ಆದುದರಿಂದ ಪ್ರತಿಯೊಬ್ಬ ಉದ್ಯಮಿಯೂ ತನ್ನ ಕಾರ್ಖಾನೆಯಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ದೋಷ ಕಂಡಾಗ ಮಾಲೀಕರ ಅಪ್ಪಣೆಗೆ ಕಾಯದೆ ಯಂತ್ರವನ್ನು ನಿಲ್ಲಿಸಬಲ್ಲವರು ಇಲ್ಲಿ ಯಾರಿದ್ದಾರೆ? ಉತ್ತರವಾಗಿ ಒಂದು ಹೆಸರಾದರೂ ದೊರೆತರೆ, ನೂರು ವರ್ಷಗಳ ಹಿಂದೆ ಬಡಗಿಯ ಮಗನೊಬ್ಬ ಮಗ್ಗಕ್ಕೆ ಕಲಿಸಿದ ಬುದ್ಧಿ ಆ ಕಾರ್ಖಾನೆಯನ್ನೂ ತಲುಪಿದೆಯೆಂದು ತಿಳಿಯಬಹುದು.